ಮಣ್ಣಿನ ಫೋಟೋ ತೆಗೆಯುವವಳು

"ಅಮ್ಮಾ, ಸ್ವಲ್ಪ ಇತ್ತ ನೋಡಿ," ಎಂದೆ ನಾನು.

ಅಜ್ಜಿ ನೋಡಲಿಲ್ಲ. ಗುತ್ತೂರಿನ ಆ ಮನೆಯ ಪಡಸಾಲೆಯಲ್ಲಿ, ಗೋಡೆಗೆ ಒರಗಿ, ಹೊಸ ಸೀರೆಯುಟ್ಟು, ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು, ಕೊರಳಿಗೆ ಸೇವಂತಿಗೆ ಹಾರ ಹಾಕಿಸಿಕೊಂಡು ಕೂತಿದ್ದರು. ಬಾಗಿಲ ಹೊರಗೆ ತಾಳ ಹಿಡಿದವರು ಭಜನೆ ಹಾಡುತ್ತಿದ್ದರು. ಹಿರಿಯರಿಗೆ ಮಾಡುವ ಸನ್ಮಾನದಂಥದ್ದೇನೋ ಇರಬೇಕು ಎಂದುಕೊಂಡೇ ನಾನು ಒಳಗೆ ಬಂದಿದ್ದೆ. ಕರೆಯಲು ಬಂದಾತ ಹೇಳಿದ್ದೂ ಅಷ್ಟೇ: "ಅವ್ವಂದು ಫೋಟೋ ತೆಗೀಬೇಕಾಗೈತೆ, ಜಲ್ದಿ ಬರ್ರಿ. ಜಳಕ ಮಾಡ್ಸಿ, ಸೀರೆ ಉಡ್ಸಿ, ಎಲ್ಲಾ ಮಾಡಿ ಕೂಡ್ಸೀವಿ." ಹಾಸಿಗೆ ಹಿಡಿದ ಮುದುಕಿ ಇರಬಹುದೆಂದು ನಾನು ಬಾಚಣಿಗೆ, ಪೌಡರ್ ಕೂಡ ಚೀಲಕ್ಕೆ ಹಾಕಿಕೊಂಡಿದ್ದೆ.

ಅಜ್ಜಿಯ ಪಕ್ಕ ಕೂತಿದ್ದ ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಬೈಯಲಿಲ್ಲ. "ನೋಡಂಗಿದ್ರೆ ನೋಡ್ತಿದ್ಲು ಕಣಮ್ಮಾ," ಎಂದಳು.

ಘಟ್ಟದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಇದು. ಕುಂದಾಪುರ ಬಿಟ್ಟು ಹರಿಹರಕ್ಕೆ ಬಂದು, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಚಿಕ್ಕ ಮಳಿಗೆ ಹಿಡಿದು, ಸ್ಟುಡಿಯೊ ಎಂದು ಬೋರ್ಡು ಬರೆಸಿ, ಬಾಗಿಲಲ್ಲಿ ಕೂತು ನೊಣ ಹೊಡೆಯುತ್ತಿದ್ದ ದಿನಗಳು ಅವು. ನನ್ನ ಗಂಡ ಸುಧಾಕರನಿಗೆ ಇಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಅವನ ಹಿಂದೆ ಗಂಟುಮೂಟೆ ಕಟ್ಟಿಕೊಂಡು ಬಂದವಳು ನಾನು. ಆದರೆ ಬರೀ ಹಿಂದೆ ಬಂದವಳಾಗಿ ಇರಬಾರದೆಂಬ ಹಟವೂ ಜೊತೆಗೇ ಬಂದಿತ್ತು. ಊರಲ್ಲಿ ಬೇರೊಬ್ಬರ ಸ್ಟುಡಿಯೊದಲ್ಲಿ ದುಡಿಯುವಾಗ ಎಷ್ಟೋ ಮದುವೆಗಳಿಗೆ ಹೋಗಿದ್ದೇನೆ. ಹೋದದ್ದು ಲೈಟು ಹಿಡಿಯಲು, ವಧುವಿನ ಸೆರಗು ಸರಿಮಾಡಲು. ಕ್ಯಾಮೆರಾ ಮಾಲೀಕರ ಕೈಯಲ್ಲೇ ಇರುತ್ತಿತ್ತು. ಹೊಸ ಊರಲ್ಲಿ ನನ್ನ ಆಸೆ ಒಂದೇ: ಅರಿಶಿನದ ದಿನದಿಂದ ಹೆಣ್ಣು ಕಳಿಸುವ ಗಳಿಗೆಯವರೆಗೆ ನಾನೇ ತೆಗೆದ ಒಂದು ಮದುವೆ, ಹಿಂಬದಿಯಲ್ಲಿ ನನ್ನ ಸ್ಟುಡಿಯೊ ಹೆಸರು ಅಚ್ಚಾದ ಒಂದು ಆಲ್ಬಮ್. ಈ ಕಸುಬಿನಲ್ಲಿ ಒಂದು ಮನೆಯ ಮದುವೆ ಸಿಕ್ಕಿತೆಂದರೆ ಸೀಮಂತ, ನಾಮಕರಣ, ಗೃಹಪ್ರವೇಶ ಎಲ್ಲವೂ ಹಿಂದೆಯೇ ಬರುತ್ತವೆ. ಮದುವೆ ತೆಗೆಯದವರನ್ನು ಯಾರೂ ಫೋಟೋಗ್ರಾಫರ್ ಎನ್ನುವುದಿಲ್ಲ.

ನಮ್ಮ ಕಡೆಯವರಿಗೆ ಮಣ್ಣಿನ ಫೋಟೋ ಎಂದರೆ ಏನೆಂದು ಹೇಳಬೇಕು. ಇಲ್ಲಿನ ಶಿವಭಕ್ತ ಮನೆತನಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕೂತಂತೆಯೇ ಮೆರವಣಿಗೆಯಲ್ಲಿ ಒಯ್ದು, ಕೂತಂತೆಯೇ ಹೂಳುತ್ತಾರೆ. ಅದನ್ನು ಮಣ್ಣು ಮಾಡುವುದು ಎನ್ನುತ್ತಾರೆ. ಸಾವಿನ ಮನೆಗೆ ಹೋಗಿ ಬಂದರೆ ಮಣ್ಣಿಗೆ ಹೋಗಿ ಬಂದಂತೆ. ಕೂರಿಸಿದ ಮೇಲೆ ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂತು ಕಡೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮಲ್ಲಾದರೆ ಬಾಳೆಯೆಲೆಯ ಮೇಲೆ ಮಲಗಿಸಿ, ತಲೆಯ ಹತ್ತಿರ ದೀಪ ಹಚ್ಚಿಟ್ಟು, ದೂರದವರು ಬಂದು ಮುಟ್ಟಿದ ಕೂಡಲೇ ಹೊರಡಿಸಿಬಿಡುತ್ತೇವೆ. ಹೆಣದ ಮುಂದೆ ಕ್ಯಾಮೆರಾ ಹಿಡಿದವರನ್ನು ನಾನು ಊರಲ್ಲಿ ಕಂಡಿರಲಿಲ್ಲ. ಅವತ್ತು ಗುತ್ತೂರಿನಲ್ಲಿ ನಾನು ಕ್ಯಾಮೆರಾ ಕೆಳಗಿಳಿಸಿದೆ. ಹೊರಗೆ ಓಡಿಹೋಗಬೇಕೆನಿಸಿತು. ಆದರೆ ಆ ಮಗಳು ಕಣ್ಣೊರೆಸಿಕೊಂಡು, ತಾಯಿಯ ಭುಜಕ್ಕೆ ಭುಜ ತಾಗಿಸಿ ಕೂತು, ನನ್ನ ಕಡೆ ಮುಖಮಾಡಿ ಕಾಯುತ್ತಿದ್ದಳು.

ತೆಗೆದೆ. ಹೇಗೆ ತೆಗೆದೆನೆಂದು ಹೇಳುತ್ತೇನೆ, ಮನೆಯಲ್ಲಿ ಮೊಬೈಲಿನಲ್ಲಿ ಹಿರಿಯರ ಫೋಟೋ ತೆಗೆಯುವ ನಿಮಗೂ ಉಪಯೋಗಕ್ಕೆ ಬಂದೀತು. ಮೊದಲು ಟ್ಯೂಬ್‌ಲೈಟ್ ಆರಿಸಲು ಹೇಳಿ, ಮುಂಬಾಗಿಲಿನ ಎರಡೂ ಕದ ತೆರೆಸಿದೆ. ಬಾಗಿಲಿನಿಂದ ಬರುವ ಬೆಳಕಿನಂಥ ಒಳ್ಳೆಯ ಬೆಳಕು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದರ ಜೊತೆ ಟ್ಯೂಬ್‌ಲೈಟ್ ಬೆರೆತರೆ ಮುಖದ ಅರ್ಧ ಹಳದಿ, ಅರ್ಧ ನೀಲಿ. ಫ್ಲ್ಯಾಶ್ ಬೇಡವೇ ಬೇಡ. ವಿಭೂತಿ ಬಿಳಿ, ಫ್ಲ್ಯಾಶ್ ಬಿದ್ದರೆ ಹಣೆ ಬರೀ ಬಿಳಿ ಮಚ್ಚೆಯಾಗುತ್ತದೆ, ಮುಖ ಕಪ್ಪಾಗುತ್ತದೆ. ಮುಖ್ಯವಾದದ್ದು ಇನ್ನೊಂದು: ಕೂತವರನ್ನು ನಿಂತು ತೆಗೆಯಬಾರದು. ಮೇಲಿನಿಂದ ತೆಗೆದರೆ ಎಂಥವರೂ ಕುಗ್ಗಿದಂತೆ ಕಾಣುತ್ತಾರೆ. ನಾನು ನೆಲಕ್ಕೆ ಮೊಣಕಾಲೂರಿ, ಅಜ್ಜಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿದೆ. ಈ ಕಡೆಯ ಫೋಟೋದವರು ಮಣ್ಣಿಗೆ ಬಂದರೆ ಬಾಗಿಲಲ್ಲೇ ನಿಂತು, ಫ್ಲ್ಯಾಶ್ ಹೊಡೆದು, ಚಪ್ಪಲಿಯನ್ನೂ ಬಿಡದೆ ಹೊರಟುಬಿಡುತ್ತಾರಂತೆ. ಮೊಣಕಾಲೂರಿದವಳು ನಾನೊಬ್ಬಳೇ ಎಂದು ಆಮೇಲೆ ಗೊತ್ತಾಯಿತು.

ಅಲ್ಲಿಂದ ಶುರುವಾಯಿತು. ಗುತ್ತೂರಿನಿಂದ ಹರಿಹರದ ಪೇಟೆಗೆ, ಅಲ್ಲಿಂದ ನಂದಿಗುಡಿಯ ಗದ್ದೆ ಬಯಲಿನ ಮನೆಗಳಿಗೆ ನನ್ನ ಹೆಸರು ಹೋಯಿತು. ಫೋಟೋ ತೆಗೆದರೆ ಸಾಲದು, ಶಿವಗಣಾರಾಧನೆಯ ದಿನಕ್ಕೆ, ಅಂದರೆ ನಮ್ಮ ಉತ್ತರಕ್ರಿಯೆಯಂಥ ಪೂಜೆಯ ದಿನಕ್ಕೆ, ಗಾಜಿನ ಕಟ್ಟು ಹಾಕಿಸಿ ಕೊಡಬೇಕು. ಅದರಲ್ಲಿ ತೀರಿಕೊಂಡವರ ಕಣ್ಣು ತೆರೆದಿರಬೇಕು. ಹಳೆಯ ಒಳ್ಳೆಯ ಫೋಟೋ ಇದ್ದರೆ ಸರಿ. ಇಲ್ಲದಿದ್ದರೆ ಮಣ್ಣಿನ ಫೋಟೋಕ್ಕೇ ಕಂಪ್ಯೂಟರಿನಲ್ಲಿ ಕಣ್ಣು ಬಿಡಿಸಬೇಕು. ಒಮ್ಮೆ ನಂದಿಗುಡಿಯ ಒಬ್ಬಾಕೆಯ ತಾಯಿಗೆ ಎಲ್ಲೂ ಒಂದು ನೆಟ್ಟಗಿನ ಚಿತ್ರ ಸಿಗಲಿಲ್ಲ. ಆಕೆಯದೇ ಕಣ್ಣುಗಳ ಫೋಟೋ ತೆಗೆದು, ಸುತ್ತ ಸುಕ್ಕು ಎಳೆದು, ತಾಯಿಯ ಮುಖಕ್ಕೆ ಕೂಡಿಸಿದೆ. ಆಕೆ ಕಟ್ಟಿನ ಗಾಜನ್ನು ಸೆರಗಿನಿಂದ ಒರೆಸಿದಳು. ಆಮೇಲೆ, "ಅವ್ವ ನನ್ನನ್ನ ನೋಡಿದಂಗ ಐತೆ," ಎಂದಳು. ನೋಡುತ್ತಿದ್ದದ್ದು ಆಕೆಯದೇ ಕಣ್ಣುಗಳು. ಆಕೆಗೆ ಸಮಾಧಾನವಾಯಿತಲ್ಲ ಎಂದು ಸುಮ್ಮನಾದೆ.

ಬದುಕಿನ ಉಳಿದದ್ದನ್ನೂ ಹೇಳಬೇಕಲ್ಲ. ಬಾಡಿಗೆ ಮನೆ ಹುಡುಕುವಾಗ ಇಲ್ಲಿನವರು ಕೇಳುವ ಮೊದಲ ಪ್ರಶ್ನೆ, "ತಿಂತೀರೇನ್ರಿ?" ಏನನ್ನು ಎಂದು ಕೇಳುವ ಹಾಗಿಲ್ಲ. ಕಡಲ ತಡಿಯಲ್ಲಿ ಹುಟ್ಟಿದವರು ಇಲ್ಲ ಎಂದರೆ ಯಾರು ನಂಬುತ್ತಾರೆ? ಕಡೆಗೆ ನೀಲಮ್ಮ ಎಂಬವರು, "ಹೊರಗ ಏನಾರ ತಿನ್ರಿ, ನಮ್ಮ ಮನ್ಯಾಗ ಬ್ಯಾಡ," ಎಂದು ಮೇಲಿನ ಭಾಗ ಕೊಟ್ಟರು. ಒಪ್ಪಿಕೊಂಡೆವು. ಊರಲ್ಲಿ ಮೀನಿಲ್ಲದ ದಿನ ಊಟವೇ ಇಲ್ಲ ಎನ್ನುತ್ತಿದ್ದ ಸುಧಾಕರ ಈಗ ಶೇಂಗಾ ಚಟ್ನಿಗೆ ರೊಟ್ಟಿ ಅದ್ದಿಕೊಂಡು ಸದ್ದಿಲ್ಲದೆ ತಿನ್ನುತ್ತಾನೆ. ನನಗೆ ಕುಚ್ಚಲಕ್ಕಿ ಗಂಜಿಯ ಆಸೆ ಇನ್ನೂ ಹೋಗಿಲ್ಲ. ಇಲ್ಲಿನ ಬಿಸಿಲೂ ಬೇರೆ. ನಮ್ಮಲ್ಲಿ ಆಕಾಶಕ್ಕೇ ಒಂದು ತೆಳುಪರದೆ ಕಟ್ಟಿದಂತಿರುತ್ತದೆ, ಯಾರನ್ನು ಎಲ್ಲಿ ನಿಲ್ಲಿಸಿದರೂ ಮುಖ ಮೃದುವಾಗಿ ಬರುತ್ತದೆ. ಇಲ್ಲಿ ಮಧ್ಯಾಹ್ನ ನಿಲ್ಲಿಸಿದರೆ ಕಣ್ಣಿನ ಕೆಳಗೆ ಕಪ್ಪು ಗುಳಿ. ಬೇವಿನ ಮರದ ನೆರಳಿಗೆ ಕರೆದುಕೊಂಡು ಹೋಗಿ ತೆಗೆಯಿರಿ, ಎಲೆಗಳ ನಡುವೆ ತೂರುವ ಬಿಸಿಲ ಚುಕ್ಕೆ ಮುಖಕ್ಕೆ ಬೀಳದಂತೆ ನೋಡಿಕೊಳ್ಳಿ. ಇಷ್ಟು ಕಲಿಯಲು ನನಗೆ ಒಂದು ಬೇಸಿಗೆ ಹಿಡಿಯಿತು.

ಅಮ್ಮ ಊರಿನಿಂದ ಫೋನ್ ಮಾಡಿದಾಗಲೆಲ್ಲ ಅದೇ ಮಾತು. "ಉಂಡ್ಯಾ ಹೆಣೆ? ಮದಿ ಫೋಟೋ ಸಿಕ್ಕಿತಾ?" ಹೆಣೆ ಎಂದರೆ ಹುಡುಗಿ, ಮದಿ ಎಂದರೆ ಮದುವೆ. ಸಿಗುತ್ತದಮ್ಮ ಎನ್ನುತ್ತಿದ್ದೆ. ಮಣ್ಣಿನ ಫೋಟೋದ ವಿಷಯ ಅವರಿಗೆ ಹೇಳಿರಲಿಲ್ಲ.

ನೀಲಮ್ಮನವರಿಗೆ ಮಾತ್ರ ನಾನೆಂದರೆ ಅಕ್ಕರೆ ಬೆಳೆಯಿತು. ನಾನು ಸಂಜೆ ಮೆಟ್ಟಿಲಲ್ಲಿ ಮಂಕಾಗಿ ಕೂತಿದ್ದರೆ, ಒಗ್ಗರಣೆ ಹಾಕಿದ ಮಂಡಕ್ಕಿಯ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಿದ್ದರು. "ಊರಿಗೆ ಬಂದಾಕಿ ನೀರಿಗೆ ಬರದಂಗ ಇರ್ತಾಳೇನು? ಎಲ್ಲಾ ಆಗ್ತೈತೆ ತಗ," ಎನ್ನುತ್ತಿದ್ದರು. ಅವರ ಮಗಳು ಸಹನಾಳ ಮದುವೆ ದಾವಣಗೆರೆಯ ಮಂಡಿಪೇಟೆಯ ವ್ಯಾಪಾರಸ್ಥರ ಮನೆಗೆ ನಿಶ್ಚಯವಾದಾಗ ಮೊದಲು ಹೇಳಿದ್ದು ನನಗೇ. "ಜ್ಯೋತಿ, ಸಹನಾನ ಮದುವಿ ನಿಂದಽ. ಹೊರಗಿನವರು ಯಾಕ ಬೇಕು?"

ಆ ವಾರವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ. ಸಹನಾಳನ್ನು ಕಿಟಕಿಯ ಪಕ್ಕ ಕೂರಿಸಿ, ಮುಖಕ್ಕೆ ಯಾವ ಕಡೆಯ ಬೆಳಕು ಚೆಂದ ಎಂದು ನೋಡಿಟ್ಟುಕೊಂಡೆ. ಆ ಹುಡುಗಿಗೆ ಕ್ಯಾಮೆರಾ ಕಂಡರೆ ತುಟಿ ಬಿಗಿಯುತ್ತದೆ. ಅಂಥವರಿಗೆ ನಗಿರಿ ಎನ್ನಬಾರದು, ನಗು ಇನ್ನೂ ಗಟ್ಟಿಯಾಗುತ್ತದೆ. ಬೆಳಿಗ್ಗೆ ಏನು ತಿಂದೆ ಎಂದು ಕೇಳಬೇಕು, ಉತ್ತರ ಹೇಳಿ ಮುಗಿಸಿದ ಮೇಲೆ ಮುಖ ಒಂದು ಗಳಿಗೆ ತನ್ನಷ್ಟಕ್ಕೆ ಸಡಿಲವಾಗುತ್ತದೆ, ಆಗ ಒತ್ತಬೇಕು. ಹೀಗೆ ತೆಗೆದ ಒಂದು ಫೋಟೋ ನೋಡಿ ಸಹನಾ, "ನಾನಽ ಏನಕ್ಕಾ ಇದು?" ಎಂದು ಕೇಳಿದ್ದಳು. ಮಂಡಿಪೇಟೆಯಲ್ಲಿ ನಾನು ಯಾವಾಗಲೂ ಕಟ್ಟು ಕೊಳ್ಳುವ ಸಗಟು ಅಂಗಡಿಗೆ ಹೋಗಿ ಬಂಗಾರದ ಅಂಚಿನ ದೊಡ್ಡ ಕಟ್ಟುಗಳನ್ನು ತೋರಿಸಲು ಹೇಳಿದೆ. ಅಂಗಡಿಯವರು ನನ್ನನ್ನು ನೋಡಿದರೆ ಸಾಕು, ಹಾರ ಹಾಕಲು ಮೇಲೆ ಮೊಳೆ ಇರುವ ಕಪ್ಪು ಕಟ್ಟನ್ನೇ ಕೆಳಗಿಳಿಸುವವರು. ಅವತ್ತು ತಬ್ಬಿಬ್ಬಾದರು. "ಮದುವೇದಾ? ನಿಮಗಾ?" ಎಂದು, ತಮ್ಮ ಮಾತಿಗೆ ತಾವೇ ನಾಚಿ, ಚಹಾ ತರಿಸಿದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೀಗರ ಮನೆಗೆ ಹೋಗಿ ಬಂದ ನೀಲಮ್ಮ ಮೆಟ್ಟಿಲು ಹತ್ತಿ ಮೇಲೆ ಬಂದರು. ಯಾವತ್ತೂ ನೇರ ಅಡುಗೆಮನೆಗೆ ಬರುವವರು ಬಾಗಿಲಲ್ಲೇ ನಿಂತರು.

"ಕೂಡ್ರಿ ಅಕ್ಕಾರೆ," ಎಂದೆ.

"ಕೂಡಾಕ ಬಂದಿಲ್ಲ ಜ್ಯೋತಿ. ಬೀಗರ ಕಡ್ಯಾರು ಕೇಳಿದ್ರು, ಮಣ್ಣಿಗೆ ಹೋಗೋ ಕ್ಯಾಮೆರಾ ಅಲ್ಲೇನು ಅದು, ಅಂತ. ನಮಗೇನಿಲ್ಲ. ಆದ್ರ ಹುಡುಗಿ ಬಾಳೇವು ನೋಡು."

"ಬೇರೆ ಕ್ಯಾಮೆರಾ ತರ್ತೇನೆ. ಹೊಸದು."

ನೀಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಕ್ಯಾಮೆರಾ ಹೊಸದು ತರಬಹುದು. ಕೈ ಹೊಸವು ತರಾಕ ಆಕೈತೇನಮ್ಮ?"

ನನ್ನ ಕೈಗಳನ್ನು ನಾನೇ ನೋಡಿಕೊಂಡೆ. ಸಿಟ್ಟು ಬಂತು, ಬರಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ನಮಗೆ ಸೂತಕವೇ ಇಲ್ಲ ಎಂದು ಹೇಳಿಕೊಳ್ಳುವ ಜನ ಇವರು. ಸಾವಿನ ಮನೆಯಲ್ಲಿ ಕೂತು ಊಟ ಮಾಡುತ್ತಾರೆ, ಹೆಣದ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಶಕುನ ಬಿಟ್ಟಿಲ್ಲ. ಅಜ್ಜಿಗೆ ಮೊಣಕಾಲೂರಿದ್ದಕ್ಕೆ ನನ್ನನ್ನು ಹೊಗಳಿದ ಬಾಯಿಗಳೇ ಹಸೆಮಣೆಯ ಹತ್ತಿರ ನಾನು ಬರಬಾರದು ಎನ್ನುತ್ತಿದ್ದವು. ಚೆನ್ನಾಗಿ ಕೆಲಸ ಮಾಡದೆ ಇದ್ದಿದ್ದರೆ ನನ್ನನ್ನು ಮರೆತಿರುತ್ತಿದ್ದರು, ಮದುವೆಗೂ ಕರೆಯುತ್ತಿದ್ದರೇನೋ. ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ಊರಿಗೇ ಹೋಗಿಬಿಡೋಣವೇ ಎಂದು ಸುಧಾಕರನನ್ನು ಕೇಳಿದೆ. ಅವನು, "ಅಲ್ಲಿ ಹೋಗಿ ಮತ್ತೆ ಲೈಟು ಹಿಡೀತೀಯಾ?" ಎಂದ. ಮರುದಿನ ಹೋಗಿ ಮಳಿಗೆಯ ಬಾಗಿಲು ತೆರೆದೆ.

ಸಹನಾಳ ಮದುವೆಗೆ ಇನ್ನೂ ವಾರಗಳಿರುವಾಗಲೇ ಅಣ್ಣ ಫೋನ್ ಮಾಡಿದ. ಅಮ್ಮ ಬೆಳಿಗ್ಗೆ ಹಿತ್ತಲಿಗೆ ಹೋದವರು ಅಲ್ಲೇ ಕುಸಿದಿದ್ದರು. ಘಟ್ಟ ಇಳಿಯುವ ಬಸ್ಸಿನಲ್ಲಿ ನಾನು ಅತ್ತೆನೋ ಇಲ್ಲವೋ ನೆನಪಿಲ್ಲ. ತೊಡೆಯ ಮೇಲೆ ಕ್ಯಾಮೆರಾ ಚೀಲವಿತ್ತು. ಹೊರಡುವಾಗ ಯಾಕೆ ಎತ್ತಿಕೊಂಡೆನೋ, ಸಾವಿನ ಮನೆಗೆ ಹೊರಟಾಗ ಎತ್ತಿಕೊಂಡು ಕೈಗೆ ರೂಢಿಯಾಗಿತ್ತು.

ಅಮ್ಮನನ್ನು ಚಾವಡಿಯಲ್ಲಿ ಬಾಳೆಯೆಲೆಯ ಮೇಲೆ ಮಲಗಿಸಿದ್ದರು. ಹೆಂಗಸರು ಸುತ್ತ ಕೂತಿದ್ದರು. ಪಕ್ಕದಲ್ಲಿ ಕುಸಿದು ಕೂತು ಅಮ್ಮನ ಮುಖ ನೋಡಿದೆ. ಎಷ್ಟೋ ಹೊತ್ತು ನೋಡಿದೆ. ಬಾಗಿಲಿನಿಂದ ಬೆಳಕು ಎಡಗೆನ್ನೆಯ ಮೇಲೆ ಬೀಳುತ್ತಿತ್ತು. ಅಮ್ಮ ಯಾಕೆ ಮಲಗಿದ್ದಾರೆ, ಇವರನ್ನು ಯಾರೂ ಯಾಕೆ ಕೂರಿಸಿಲ್ಲ, ಎಲ್ಲರೂ ಮೇಲಿನಿಂದ ಬಗ್ಗಿ ನೋಡುವಂತೆ ಯಾಕೆ ಹೀಗೆ ನೆಲದ ಮೇಲೆ ಇಟ್ಟಿದ್ದಾರೆ ಎಂದು ನನಗೆ ಸಂಕಟವಾಯಿತು. ನಮ್ಮ ರೂಢಿಯೇ ಇದು ಎಂಬುದೂ ಒಂದು ಗಳಿಗೆ ಮರೆತುಹೋಗಿತ್ತು. ಚೀಲದಿಂದ ಕ್ಯಾಮೆರಾ ತೆಗೆದೆ. ಮೊಣಕಾಲೂರಿ, ಅಮ್ಮನ ಮುಖದ ಮಟ್ಟಕ್ಕೆ ಇಳಿಸಿದೆ.

ಅಣ್ಣನ ಕೈ ಬಂದು ಲೆನ್ಸಿನ ಮೇಲೆ ಕೂತಿತು.

"ಎಂತ ಮಾಡ್ತಿದ್ದೆ ನೀನ್? ಅಬ್ಬಿ ಅವ್ಳು. ಅದ್ ಒಳಗ್ ಇಡ್."

ಅಬ್ಬಿ ಎಂದರೆ ನಮ್ಮ ಕಡೆ ತಾಯಿ. ಅಣ್ಣ ಕಿರುಚಲಿಲ್ಲ, ಮೆಲ್ಲಗೇ ಹೇಳಿದ. ಸುತ್ತ ಕೂತಿದ್ದ ಹೆಂಗಸರು ನನ್ನನ್ನು ನೋಡಿದ ರೀತಿ ಮಾತ್ರ ಇವತ್ತಿಗೂ ಕಣ್ಣ ಮುಂದಿದೆ. ಘಟ್ಟದ ಮೇಲೆ ಹೋಗಿ ಇವಳಿಗೆ ಏನಾಯಿತು ಎಂದು ಅವರಿಗೆ ಅನಿಸಿದ್ದು ಸಹಜವೇ. ನಾನು ಕ್ಯಾಮೆರಾ ಒಳಗಿಟ್ಟೆ. ಸ್ವಲ್ಪ ಹೊತ್ತಿಗೆ ಅಮ್ಮನನ್ನು ಎತ್ತಿದರು. ಉತ್ತರಕ್ರಿಯೆಗೆ ಅಣ್ಣ ತನ್ನ ಮದುವೆಯ ಗುಂಪಿನ ಫೋಟೋದಿಂದ ಅಮ್ಮನ ಮುಖ ಬಿಡಿಸಿ ದೊಡ್ಡದು ಮಾಡಿಸಿದ. ಅದರಲ್ಲಿ ಅಮ್ಮ ಬೇರೆ ಯಾರನ್ನೋ ನೋಡುತ್ತಿದ್ದರು.

ಹರಿಹರಕ್ಕೆ ಹಿಂತಿರುಗಿದ ದಿನ ಬೀದಿಯ ಹೆಂಗಸರೆಲ್ಲ ಮೇಲೆ ಬಂದರು. ಅಷ್ಟು ಜನ ನಮ್ಮ ಮನೆಗೆ ಬಂದದ್ದು ಅದೇ ಮೊದಲು. ನಾನು ಸಂಕೋಚದಿಂದ, ಸೂತಕದ ಮನೆಯಿಂದ ಈಗಷ್ಟೇ ಬಂದಿದ್ದೇನೆ ಎಂದರೆ, "ನಮ್ಮಾಗ ಅದೆಲ್ಲಾ ಇಲ್ಲ, ಸುಮ್ಮನಿರು," ಎಂದು ನೀಲಮ್ಮ ನನ್ನ ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡರು. ಆಗ ಅತ್ತೆ. ಅಮ್ಮ ಹೋದ ಮೇಲೆ ನೆಟ್ಟಗೆ ಅತ್ತದ್ದು ಆಗಲೇ. ಅತ್ತು ಮುಗಿದ ಮೇಲೆ ಒಬ್ಬರು ನೀರು ಕೊಟ್ಟರು. ಇನ್ನೊಬ್ಬರು, ಸಾವಿನ ಮನೆಯಲ್ಲಿ ಇಲ್ಲಿ ಎಲ್ಲರೂ ಕೇಳುವುದನ್ನೇ ಕೇಳಿದರು.

"ನಿಮ್ಮವ್ವನ ಫೋಟೋ ತೋರಿಸ್ರಿ, ಕೈ ಮುಗೀತೀವಿ."

"ತೆಗೀಲಿಲ್ಲ," ಎಂದೆ.

"ಊರವರದ್ದೆಲ್ಲಾ ತೆಗೀತೀರಿ. ಹೆತ್ತಾಕಿದು ಒಂದು ತೆಗೀಲಿಲ್ಲೇನ್ರಿ?" ಎಂದು ಆಕೆ ಕೇಳಿದ್ದು ಚುಚ್ಚಲೆಂದಲ್ಲ. ಆಕೆಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅಲ್ಲಿ ತೆಗೆಯಹೋದದ್ದು ತಪ್ಪಾಗಿತ್ತು, ಇಲ್ಲಿ ತೆಗೆಯದೆ ಬಂದದ್ದು ತಪ್ಪಾಯಿತು.

ಎಲ್ಲರೂ ಇಳಿದುಹೋದ ಮೇಲೆ ನೀಲಮ್ಮ ಹಿಂದೆ ಉಳಿದರು. "ಸಹನಾನ ಮದುವಿಗೆ ಬರಬೇಕು ನೀನು. ಬಂದು ನನ್ನ ಮಗ್ಗುಲು ಕೂಡಬೇಕು, ಮನೆ ಮಗಳಂಗ," ಎಂದರು. ಕ್ಯಾಮೆರಾ ಚೀಲದ ಕಡೆ ನೋಡಿ, "ಅದೊಂದು ಮನ್ಯಾಗ ಇಟ್ಟು ಬಾ," ಎಂದರು.

ಹೋದೆ. ಅಮ್ಮ ಕೊಟ್ಟ ಸೀರೆಯುಟ್ಟು, ಕೈ ಬೀಸಿಕೊಂಡು ಹೋದೆ. ದಾವಣಗೆರೆಯ ಆ ಕಲ್ಯಾಣ ಮಂಟಪದಲ್ಲಿ ನೀಲಮ್ಮ ಮಾತಿಗೆ ತಪ್ಪದೆ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು, ಬೀಗಿತಿಗೂ ಪರಿಚಯ ಮಾಡಿಸಿದರು. ಎದುರಿಗೆ ಬೆಂಗಳೂರಿನಿಂದ ಬಂದ ಫೋಟೋದವರ ತಂಡ. ಸಹನಾಳ ಎರಡೂ ಕಡೆ ಕಣ್ಣು ಕೋರೈಸುವ ದೀಪ ನಿಲ್ಲಿಸಿ, "ಸ್ಮೈಲ್ ಮೇಡಂ, ಸ್ಮೈಲ್," ಎನ್ನುತ್ತಿದ್ದರು. ಹುಡುಗಿಯ ತುಟಿ ಬಿಗಿದಿತ್ತು. ಬೆಳಿಗ್ಗೆ ಏನು ತಿಂದೆ ಎಂದು ಅವಳನ್ನು ಯಾರೂ ಕೇಳುತ್ತಿರಲಿಲ್ಲ. ನನ್ನ ಕೈಗಳು ಮಡಿಲಲ್ಲಿದ್ದವು. ಎಲ್ಲಿ ಇಡಬೇಕೆಂದು ತಿಳಿಯದೆ ಅಕ್ಷತೆಯ ಪೊಟ್ಟಣವನ್ನು ಬಿಚ್ಚುವುದು, ಕಟ್ಟುವುದು ಮಾಡುತ್ತಿದ್ದೆ.

ಊಟದ ಪಂಕ್ತಿಯಲ್ಲಿ ಕೂತಿದ್ದಾಗ ಫೋನ್ ಬಂತು. ನಂದಿಗುಡಿಯಿಂದ. ಒಬ್ಬ ಅಜ್ಜ ತೀರಿಕೊಂಡಿದ್ದರು. "ನೀವಽ ಬರಬೇಕ್ರಿ. ನೀವು ಬಂದ ಮ್ಯಾಲೇ ಎತ್ತೋದು," ಎಂದಿತು ಅತ್ತು ಕಟ್ಟಿದ ಒಂದು ದನಿ.

"ಯಾರದು?" ಎಂದರು ನೀಲಮ್ಮ, ನನ್ನ ಎಲೆಗೆ ಹೋಳಿಗೆ ಹಾಕಿಸುತ್ತಾ.

ಮದುವೆಯ ಮನೆಯಲ್ಲಿ ಸಾವಿನ ಹೆಸರೆತ್ತಬಾರದು. "ನಮ್ಮ ಊರಿನವರು," ಎಂದೆ.

"ಎಲ್ಲಾ ಆರಾಮ ಅದಾರೇನು?"

"ಆರಾಮ ಅದಾರೆ ಅಕ್ಕಾರೆ."

ಹೋಳಿಗೆ ತಿಂದು ಮುಗಿಸಿ, ಕೈ ತೊಳೆದು, ಸಹನಾಳಿಗೆ ದೂರದಿಂದಲೇ ಕೈಯೆತ್ತಿ ಹೊರಗೆ ಬಂದೆ. ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ, ಮದುವೆಯ ಸೀರೆ ಬದಲಾಯಿಸಿ, ಚೀಲ ಹೆಗಲಿಗೆ ಹಾಕಿಕೊಂಡು ನಂದಿಗುಡಿಯ ಬಸ್ಸು ಹಿಡಿದೆ. ಇಳಿಯುವಷ್ಟರಲ್ಲಿ ಆ ಮನೆಯವರಿಬ್ಬರು ಬಸ್ಸು ನಿಲ್ಲುವ ಕಡೆಗೇ ಬಂದು ನಿಂತಿದ್ದರು. ಕ್ಯಾಮೆರಾ ಚೀಲವನ್ನು ನನ್ನ ಹೆಗಲಿನಿಂದ ಮೆಲ್ಲಗೆ ಇಳಿಸಿಕೊಂಡು, ಬಿಸಿಲಿಗೆ ನನ್ನ ತಲೆಯ ಮೇಲೆ ಕೊಡೆ ಹಿಡಿದರು. "ಬರ್ರಿ ಜ್ಯೋತಮ್ಮ," ಎಂದರು. "ನಿಮ್ಮ ಹಾದೀನಽ ಕಾಯ್ತಿದ್ವಿ."